ಹಿಮ್ಮೇಳದವನು ಕುಣಿಯಬೇಕೆ?

(ಶಿರಸಿಯಲ್ಲಿ ಗೆಳೆಯರು ಸೇರಿ ನಡೆಸಿದ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ಈ ಸಂಜೆಗೆ ನನ್ನನ್ನು ಕರೆದ ಹಿರಿಯರು ಯಾವ ವಿಷಯದ ಮೇಲೆ ಮಾತನಾಡುತ್ತೀರಿ ಎಂದು ಫೋನಿನಲ್ಲಿ ಕೇಳಿದಾಗ, ಡಿಜೆ ಕುಣಿಯಬೇಕೆ ಬೇಡವೆ ಎಂಬುದರ ಮೇಲೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಅವರು ಬಹಳ ಸೌಜನ್ಯದಿಂದ, "ಡಿಜೆ ಲಾರಿ ಮೇಲೆ ಕಟ್ಟಿರ್ತಾರಲ್ಲ, ಅದು ಕುಣಿಯೋದು ಹೇಗೆ?" ಎಂದು ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ. ನಮ್ಮ ಊರುಗಳಲ್ಲಿ ಡಿಜೆ ಎಂದರೆ ಮನುಷ್ಯನಲ್ಲ, ಪೆಟ್ಟಿಗೆ. ಪ್ರತಿ ವರ್ಷ ಚೌತಿಯ ಹೊತ್ತಿಗೆ ಮೆರವಣಿಗೆಯಲ್ಲಿ ಡಿಜೆ ನಿಷೇಧ ಎಂಬ ಸುದ್ದಿ ಬರುವಾಗ ನಿಷೇಧಕ್ಕೆ ಒಳಗಾಗುವುದು ಒಂದರ ಮೇಲೊಂದು ಪೇರಿಸಿದ ಬೇಸ್ ಬಾಕ್ಸುಗಳೇ ಹೊರತು ಅವುಗಳ ಹಿಂದೆ ನಿಂತು ಯಾವ ಹಾಡಿನ ನಂತರ ಯಾವ ಹಾಡು ಎಂದು ತೀರ್ಮಾನಿಸುವ ಹುಡುಗನಲ್ಲ. ಆ ಹುಡುಗನಿಗೆ ನಮ್ಮ ಮಾತಿನಲ್ಲಿ ಹೆಸರೇ ಇಲ್ಲ. ಹೆಸರಿಲ್ಲದವನು ಕುಣಿಯಬೇಕೆ ಎಂದು ಕೇಳುವ ಮೊದಲು ಅವನು ಅಲ್ಲಿ ಏನು ಮಾಡುತ್ತಾನೆ ಎಂಬುದನ್ನು ಹೇಳಬೇಕಾಗುತ್ತದೆ.

ನನ್ನ ಅರ್ಹತೆ ಇಷ್ಟೇ. ನನ್ನ ತಂದೆ ಕಾರವಾರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಮದುವೆ, ಚುನಾವಣೆ, ಬಂಡಿಹಬ್ಬ, ಯಕ್ಷಗಾನ ಎಲ್ಲಕ್ಕೂ ಒಂದೇ ಆಂಪ್ಲಿಫಯರು, ಅವೇ ಎರಡು ಹಾರ್ನುಗಳು. ಹೊನ್ನಾವರ, ಕುಮಟಾ ಕಡೆಯ ಆಟಗಳಿಗೆ ಸೆಟ್ ಹೋದಾಗ ಭಾಗವತರ ಮುಂದಿನ ಮೈಕನ್ನು ಸರಿಪಡಿಸಿ, ಹಿಮ್ಮೇಳದ ಮಗ್ಗುಲಲ್ಲೇ ಆಂಪ್ಲಿಫಯರ್ ಕಾಯುತ್ತ ಬೆಳಗಿನವರೆಗೆ ಕೂರುವುದು ನನ್ನ ಕೆಲಸವಾಗಿತ್ತು. ಹೀಗಾಗಿ ನಾನು ಯಕ್ಷಗಾನವನ್ನು ಎಲ್ಲರಂತೆ ಎದುರಿನಿಂದ ನೋಡಿದ್ದು ಕಡಿಮೆ, ಪಕ್ಕದಿಂದ ನೋಡಿದ್ದೇ ಹೆಚ್ಚು. ಮುಂದೆ ನಾನೇ ಮದುವೆಗಳಲ್ಲಿ, ಗೋಕರ್ಣದ ಕಡೆಯ ರೆಸಾರ್ಟುಗಳಲ್ಲಿ ಡಿಜೆಯಾಗಿ ನಿಂತಾಗ ನನಗೆ ನೆನಪಾಗುತ್ತಿದ್ದುದು ಆ ಪಕ್ಕದ ನೋಟ.

ಕೆಲಸದ ವಿಷಯಕ್ಕೆ ಬರುತ್ತೇನೆ. ಡಿಜೆಯ ಮುಂದೆ ಎರಡು ಯಂತ್ರಗಳಿರುತ್ತವೆ, ನಡುವೆ ಒಂದು ಮಿಕ್ಸರ್. ಒಂದರಲ್ಲಿ ಹಾಡು ನಡೆಯುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ, ಎರಡರ ಲಯವನ್ನೂ ಸಮ ಮಾಡಿ, ಜನರ ಹೆಜ್ಜೆ ತಪ್ಪದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ನಡೆಯುತ್ತಿರುವ ಹಾಡು ನಿಮಿಷಕ್ಕೆ 128 ಪೆಟ್ಟಿನದು, ಬರಬೇಕಾದದ್ದು 124ರದು ಎಂದಿಟ್ಟುಕೊಳ್ಳಿ. ಬರುವ ಹಾಡಿನ ವೇಗವನ್ನು ಶೇಕಡಾ 3ಕ್ಕಿಂತ ತುಸು ಹೆಚ್ಚು ಏರಿಸಬೇಕು, ಮೊದಲ ಪೆಟ್ಟು ಮೊದಲ ಪೆಟ್ಟಿನ ಮೇಲೆಯೇ ಬೀಳಬೇಕು. 1972ರಲ್ಲಿ ಬಂದ ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಎಂಬ ರೆಕಾರ್ಡು ತಿರುಗಿಸುವ ಯಂತ್ರ, ಮುಖ್ಯವಾಗಿ 1979ರ ಅದರ ಎರಡನೇ ಅವತಾರ, ಲೋಕದಾದ್ಯಂತ ಡಿಜೆಗಳ ಕೈಗೆ ಒಗ್ಗಿದ್ದು ವೇಗವನ್ನು ಹೀಗೆ ಕೂದಲೆಳೆಯಷ್ಟು ಏರಿಸಿ ಇಳಿಸಲು ಅದು ಬಿಡುತ್ತಿತ್ತು ಎಂಬ ಕಾರಣಕ್ಕೆ. ಇಂದಿನ ಯಂತ್ರಗಳಲ್ಲಿ ಸಿಂಕ್ ಎಂಬ ಗುಂಡಿ ಒತ್ತಿದರೆ ಈ ಕೆಲಸ ತಾನಾಗಿ ಆಗುತ್ತದೆ. ಅದನ್ನು ಒತ್ತುವುದು ಪಾಪವೋ ಅಲ್ಲವೋ ಎಂಬ ಜಗಳ ನನಗೆ ಆಸಕ್ತಿಯದ್ದಲ್ಲ. ಆ ಗುಂಡಿಯಿಂದಾಗಿ ಡಿಜೆಯ ಕೈ ಬಿಡುವಾಯಿತು ಎಂಬುದು ಮಾತ್ರ ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು.

ಬಿಡುವಾದ ಕೈ ಏನು ಮಾಡಬೇಕು? ನಮ್ಮ ಪ್ರಶ್ನೆಯ ಮೂಲ ಇರುವುದು ಇಲ್ಲಿ. ಕೆನಡಾದ ಪ್ರಸಿದ್ಧ ಕಲಾವಿದ ಡೆಡ್‌ಮೌಸ್ 2012ರಲ್ಲಿ, ದೊಡ್ಡ ವೇದಿಕೆಗಳಲ್ಲಿ ತಾನೂ ಸೇರಿದಂತೆ ಎಲ್ಲರೂ ಮಾಡುವುದು ಗುಂಡಿ ಒತ್ತುವುದನ್ನೇ ಎಂಬರ್ಥದ ಮಾತನ್ನು ಬಹಿರಂಗವಾಗಿ ಬರೆದು ದೊಡ್ಡ ಗದ್ದಲ ಎಬ್ಬಿಸಿದ. ಅದರ ಹಿಂದಿನ ಕಾರಣ ಸರಳವಾದದ್ದು. ಸಾವಿರಾರು ಜನರ ಮುಂದೆ ಬೆಳಕು, ಪರದೆಯ ಮೇಲಿನ ಚಿತ್ರ, ಬೆಂಕಿ, ಹೊಗೆ ಎಲ್ಲವೂ ಹಾಡಿನ ಇಂಥದೇ ಕ್ಷಣಕ್ಕೆ ಹೊಂದಿ ಬರಬೇಕಾದರೆ ಹಾಡುಗಳ ಸರಣಿ ಮೊದಲೇ ನಿಶ್ಚಯವಾಗಿರಬೇಕಾಗುತ್ತದೆ. ಎಲ್ಲವೂ ನಿಶ್ಚಯವಾದ ಮೇಲೆ ಮೇಜಿನ ಹಿಂದೆ ನಿಂತವನಿಗೆ ಉಳಿಯುವುದು ತನ್ನ ದೇಹ ಒಂದೇ. ಆಗ ಅವನು ಎರಡೂ ಕೈ ಎತ್ತುತ್ತಾನೆ, ಮೇಜಿನ ಮೇಲೆ ಹತ್ತುತ್ತಾನೆ. ಸ್ಟೀವ್ ಅಯೋಕಿ ಎಂಬಾತ ಜನರ ಮುಖಕ್ಕೆ ಕೇಕನ್ನೇ ಎಸೆಯುತ್ತಾನೆ. ನಾನು ಗಮನಿಸಿದ ಮಟ್ಟಿಗೆ ಡಿಜೆಯ ಕೈಗೆ ಕೆಲಸ ಕಡಿಮೆಯಾದಷ್ಟೂ ಕಾಲಿಗೆ ಹೆಚ್ಚಾಗುತ್ತದೆ.

ಆದರೆ ಇದನ್ನು ಹಿಡಿದುಕೊಂಡು ಕುಣಿಯುವ ಡಿಜೆಯೆಲ್ಲ ಕೆಲಸಗಳ್ಳ, ಕಲ್ಲಿನಂತೆ ನಿಂತವನೇ ನಿಜವಾದ ಕುಶಲಿ ಎಂದು ತೀರ್ಪು ಕೊಡುವವರಿದ್ದಾರೆ. ಒಂದು ಕಾಲಕ್ಕೆ ನಾನೂ ಕೊಡುತ್ತಿದ್ದೆ. ಹಾಗೆ ಕೊಡುವುದಕ್ಕೆ ನನಗೆ ಸ್ವಂತ ಅವಮಾನದ ಕಾರಣವೂ ಇತ್ತು. ಇದೇ ಶಿರಸಿಯ ಹತ್ತಿರ ಒಂದು ಮದುವೆಯ ಆರತಕ್ಷತೆ. ನನಗಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ವಿಡಿಯೊಗಳಲ್ಲಿ ನೋಡಿ ಕಲಿತಂತೆ ಹಾಡು ಏರುತ್ತಿದ್ದಾಗ ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ ನೆಗೆಯುತ್ತಿದ್ದೆ. ಇನ್ನೊಂದು ಹಾಡನ್ನು ಸಿದ್ಧ ಮಾಡಿಟ್ಟಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ನಡೆಯುತ್ತಿದ್ದ ಹಾಡು ಮುಗಿದಿತ್ತು. ಹತ್ತು ಸೆಕೆಂಡು ಇದ್ದಿರಬಹುದು. ಅಷ್ಟು ಹೊತ್ತು ಆ ಅಂಗಳದಲ್ಲಿ ಹಿತ್ತಲ ಜನರೇಟರಿನ ಸದ್ದೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಎತ್ತಿದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೂ ತಿಳಿಯಲಿಲ್ಲ, ಕುಣಿಯುತ್ತಿದ್ದವರಿಗೂ ತಿಳಿಯಲಿಲ್ಲ. ಊಟದ ಹೊತ್ತಿನಲ್ಲಿ ಮನೆಯ ಅಜ್ಜ ಹತ್ತಿರ ಬಂದು, ಬೈಯುವ ದನಿಯಲ್ಲೇನೂ ಅಲ್ಲ, "ತಮಾ, ಭಾಗವತನೇ ತಾಳ ಬಿಟ್ಟು ಕುಣದ್ರೆ ವೇಷ ಎಲ್ಲಿ ನಿಂತ್ಗಳವು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆ ಹಾಕಿಕೊಳ್ಳಲು ಹೋದರು.

ಆ ಪ್ರಶ್ನೆಯನ್ನು ನಾನು ಬಹಳ ವರ್ಷ ಕುಣಿಯಬೇಡ ಎಂಬ ಆಜ್ಞೆಯಾಗಿ ಅರ್ಥ ಮಾಡಿಕೊಂಡಿದ್ದೆ. ಮೈಯನ್ನು ಬಿಗಿಹಿಡಿದು, ತಲೆ ತಗ್ಗಿಸಿ, ಲ್ಯಾಪ್‌ಟಾಪಿನ ಪರದೆಯ ಮೇಲೆ ಕಣ್ಣು ನೆಟ್ಟು ಕೆಲಸ ಮಾಡಿದೆ. ತಾಂತ್ರಿಕವಾಗಿ ಒಂದೂ ತಪ್ಪು ಆಗಲಿಲ್ಲ. ಜನ ಮಾತ್ರ ಎರಡು ಹಾಡಿಗೆ ಕುಣಿದು ಮೂರನೆಯದಕ್ಕೆ ಐಸ್‌ಕ್ರೀಮಿನ ಕಡೆ ನಡೆಯತೊಡಗಿದರು. ಆಗ ಅಜ್ಜನ ಮಾತನ್ನು ಇನ್ನೊಮ್ಮೆ ಬಿಡಿಸಿ ನೋಡಬೇಕಾಯಿತು. ಅವರು ಹೇಳಿದ್ದು ಕುಣಿತದ ಬಗ್ಗೆ ಅಲ್ಲ, ತಾಳ ಬಿಟ್ಟದ್ದರ ಬಗ್ಗೆ, ಮತ್ತು ಇನ್ನೂ ಮುಖ್ಯವಾಗಿ ವೇಷದ ಬಗ್ಗೆ.

ಯಕ್ಷಗಾನದ ಪದಗಳನ್ನೇ ಇಲ್ಲಿ ತರುವುದರಿಂದ ವಿಷಯ ಸ್ಪಷ್ಟವಾಗುತ್ತದೆ. ಹಾಡುವ ಭಾಗವತ, ಮದ್ದಳೆ, ಚಂಡೆ ಇವು ಹಿಮ್ಮೇಳ. ವೇಷ ಹಾಕಿ ಕುಣಿದು ಮಾತನಾಡುವವರು ಮುಮ್ಮೇಳ. ಈ ಲೆಕ್ಕದಲ್ಲಿ ಡಿಜೆ ಹಿಮ್ಮೇಳದವನು, ಕುಣಿಯಲು ಬಂದ ಜನ ಮುಮ್ಮೇಳ. ಹಿಮ್ಮೇಳ ಎಂಬ ಮಾತು ಸ್ಥಳವನ್ನು ಹೇಳುತ್ತದೆಯೇ ಹೊರತು ಸ್ಥಾನವನ್ನಲ್ಲ, ಏಕೆಂದರೆ ಭಾಗವತನನ್ನು ಒಂದನೆಯ ವೇಷ ಎಂದು ಕರೆಯುವ ರೂಢಿಯೂ ನಮ್ಮಲ್ಲಿದೆ. ವೇಷವೇ ಇಲ್ಲದವನನ್ನು ಮೊದಲನೆಯ ವೇಷವೆಂದು ಎಣಿಸಿದ ಹಿರಿಯರಿಗೆ ಡಿಜೆಯ ಸಮಸ್ಯೆ ಅರ್ಥವಾಗುತ್ತಿತ್ತು ಎಂದು ನನ್ನ ನಂಬಿಕೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದಲ್ಲಿ ದೀರ್ಘಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರನ್ನು ಕಂಡವರು ಈ ಸಭೆಯಲ್ಲೇ ಇದ್ದೀರಿ. ಭಾಗವತರು ಕುಣಿಯುವುದಿಲ್ಲ, ಕುಳಿತೇ ಹಾಡುತ್ತಾರೆ. ಆದರೆ ಅವರ ಕಣ್ಣು ಎಲ್ಲಿರುತ್ತದೆ ಎಂಬುದು ಎದುರು ಕುಳಿತವರಿಗೆ ಅಷ್ಟಾಗಿ ಕಾಣಿಸುವುದಿಲ್ಲ, ಮೈಕಿನ ಹುಡುಗನಿಗೆ ಕಾಣಿಸುತ್ತದೆ. ಪದ್ಯ ಬಾಯಿಗೆ ಬಂದದ್ದೇ ಆದ್ದರಿಂದ ಕಣ್ಣಿಗೆ ಪುಸ್ತಕದಲ್ಲಿ ಕೆಲಸವಿಲ್ಲ, ಅದು ವೇಷಧಾರಿಯ ಪಾದದ ಮೇಲಿರುತ್ತದೆ. ಪಾತ್ರ ಇನ್ನೊಂದು ಸುತ್ತು ಕುಣಿಯುವ ಹುರುಪಿನಲ್ಲಿದೆ ಎಂದು ತಿಳಿದರೆ ಅದೇ ಸಾಲು ಮತ್ತೆ ಬರುತ್ತದೆ. ದಣಿದಿದೆ ಎಂದು ತಿಳಿದರೆ ಬಿಡ್ತಿಗೆ ಎಂಬ ಚಂಡೆ-ಮದ್ದಳೆಯ ನುಡಿತ ಬೇಗ ಮುಗಿದು ಮುಕ್ತಾಯ ಬಂದುಬಿಡುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ಕಲಾವಿದರು ಎಪ್ಪತ್ತು ದಾಟಿದ ಮೇಲೂ ರಂಗದಲ್ಲಿ ಕುಣಿದದ್ದು ಅವರ ಕಾಲಿನ ಶಕ್ತಿಯಿಂದ ಎಂಬುದು ನಿಜ. ಆ ಕಾಲನ್ನು ನೋಡಿಕೊಂಡು ಪದ್ಯವನ್ನು ಎಳೆದೋ ಕುಗ್ಗಿಸಿಯೋ ಕೊಟ್ಟ ಹಿಮ್ಮೇಳವೊಂದು ಹಿಂದೆ ಇತ್ತು ಎಂಬುದೂ ಅಷ್ಟೇ ನಿಜ.

ಹಿಪ್‌ಹಾಪ್ ಡಿಜೆಯ ಕಲೆ ಹುಟ್ಟಿದ್ದೂ ಇಂಥದೇ ನೋಟದಿಂದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ವಸತಿ ಕಟ್ಟಡದ ಕೋಣೆಯೊಳಗೆ ತಂಗಿಯ ಕೂಟಕ್ಕೆ ಹಾಡು ಹಾಕಿದ ಜಮೈಕಾ ಮೂಲದ ಯುವಕ ಕೂಲ್ ಹರ್ಕ್, ಹಿಪ್‌ಹಾಪ್ ಪರಂಪರೆಯ ಮೂಲಪುರುಷರಲ್ಲಿ ಒಬ್ಬನೆಂದು ಗೌರವ ಪಡೆದವನು. ಕುಣಿಯುವವರು ಹಾಡಿನುದ್ದಕ್ಕೂ ಒಂದೇ ರೀತಿ ಕುಣಿಯುವುದಿಲ್ಲ, ಗಾಯನ ನಿಂತು ಡ್ರಮ್ಮು ಮಾತ್ರ ಉಳಿಯುವ ತುಣುಕಿಗಾಗಿ ಕಾಯುತ್ತಿರುತ್ತಾರೆ ಎಂಬುದನ್ನು ಅವನು ಕಂಡುಕೊಂಡ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನಿಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ಹಾಕಿ, ಕೆಲವೇ ಸೆಕೆಂಡುಗಳ ತುಣುಕನ್ನು ನಿಮಿಷಗಟ್ಟಲೆ ಬೆಳೆಸಿದ. ನಮ್ಮ ಭಾಗವತರು ಸಾಲನ್ನು ಮತ್ತೆ ಎತ್ತಿಕೊಡುವುದಕ್ಕೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿದೆ ಎಂದು ನನಗನ್ನಿಸುವುದಿಲ್ಲ. ಆ ಹೊತ್ತಿನಲ್ಲಿ ಹರ್ಕ್ ತಾನೂ ಕುಣಿದನೇ ಎಂದು ಯಾರೂ ಕೇಳುವುದಿಲ್ಲ.

ಅದಕ್ಕೂ ಮೊದಲು, 1970ರಲ್ಲಿ, ಅದೇ ನಗರದಲ್ಲಿ ಡೇವಿಡ್ ಮಂಕೂಸೊ ತನ್ನ ಮನೆಯಲ್ಲೇ ನಡೆಸಲು ತೊಡಗಿದ ದ ಲಾಫ್ಟ್ ಎಂಬ ಕೂಟಗಳಲ್ಲಿ ಹಾಡು ಹಾಕುವವನು ಆಕರ್ಷಣೆಯ ಕೇಂದ್ರವಾಗಿರಲಿಲ್ಲ. ತನ್ನನ್ನು ಡಿಜೆ ಎಂದು ಕರೆಯುವುದು ಅವನಿಗೆ ಇಷ್ಟವಿರಲಿಲ್ಲ, ಮುಂದೆ ಮುಂದೆ ಹಾಡುಗಳನ್ನು ಬೆರೆಸುವುದನ್ನೂ ಬಿಟ್ಟು ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಹಾಕುತ್ತಿದ್ದ. ಜರ್ಮನಿಯ ಕ್ರಾಫ್ಟ್‌ವರ್ಕ್ ಎಂಬ ಎಲೆಕ್ಟ್ರಾನಿಕ್ ಸಂಗೀತ ತಂಡದವರು ಇನ್ನೂ ಮುಂದೆ ಹೋಗಿ, ತಮ್ಮದೇ ಪ್ರತಿರೂಪದ ಗೊಂಬೆಗಳನ್ನು ವೇದಿಕೆಗೆ ತಂದು ನಿಲ್ಲಿಸಿದರು. ಅವರು ಡಿಜೆಗಳಲ್ಲ, ನಿಜ. ಆದರೆ ನಿಶ್ಚಲವಾಗಿ ನಿಲ್ಲುವುದೂ ಒಂದು ವೇಷವೇ ಎಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದವರು ಬೇರೆ ಇಲ್ಲ.

ಹಾಗಿದ್ದರೆ ಬೆಳಕು ಡಿಜೆಯ ಮೇಲೆ ಬಿದ್ದದ್ದು ಹೇಗೆ? ಕ್ಲಬ್ಬಿನ ಮೂಲೆಯಿಂದ ಅವನನ್ನು ಎತ್ತರದ ವೇದಿಕೆಗೆ ಏರಿಸಿದ್ದು ದೊಡ್ಡ ಉತ್ಸವಗಳು. ಅದಾದ ಮೇಲೆ ಕ್ಯಾಮೆರಾ. 2010ರಲ್ಲಿ ಲಂಡನ್ನಿನಲ್ಲಿ ಬಾಯ್ಲರ್ ರೂಮ್ ಎಂಬ ಅಂತರ್ಜಾಲ ಪ್ರಸಾರ ಆರಂಭವಾದಾಗ ಅದರ ಏರ್ಪಾಡು ವಿಚಿತ್ರವಾಗಿತ್ತು. ಡಿಜೆಯ ಎದುರಿಗೆ ಕ್ಯಾಮೆರಾ, ಕುಣಿಯುವ ಜನ ಅವನ ಬೆನ್ನ ಹಿಂದೆ. ಅಂದರೆ ಮುಮ್ಮೇಳವೇ ಹಿಮ್ಮೇಳದ ಹಿಂದೆ ಹೋಗಿ ನಿಂತಿತು. ಒಂದು ಬೆಳಗಿನ ಜಾವದ ಮುದವನ್ನು ಮನೆಯಲ್ಲಿ ಕುಳಿತವರಿಗೆ ತಲುಪಿಸಿದ ಆ ಪ್ರಸಾರಗಳನ್ನು ನಾನೂ ಆಸೆಯಿಂದ ನೋಡಿದವನೇ. ಆದರೆ ಬೆನ್ನ ಹಿಂದಿನವರ ಪಾದವನ್ನು ನೋಡುವುದು ಹೇಗೆ?

ನೋಟಕ್ಕೆ ಬೆಲೆಯಿಲ್ಲ, ಕಿವಿಯೊಂದೇ ಸಾಕು ಎನ್ನುವವರಿಗೂ ಒಂದು ಮಾತು ಹೇಳಬೇಕು. ಚಿಯಾ-ಜಂಗ್ ಸೇ ಎಂಬ ಸಂಶೋಧಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಸ್ಪರ್ಧೆಗಳ ತುಣುಕುಗಳನ್ನು ಜನರಿಗೆ ಕೊಟ್ಟು ಗೆದ್ದವರು ಯಾರೆಂದು ಊಹಿಸಲು ಹೇಳಲಾಯಿತು. ಧ್ವನಿ ಮಾತ್ರ ಕೇಳಿದವರಿಗಿಂತ, ಧ್ವನಿಯಿಲ್ಲದ ವಿಡಿಯೊ ಮಾತ್ರ ನೋಡಿದವರು ಹೆಚ್ಚು ಸರಿಯಾಗಿ ಊಹಿಸಿದರು, ಮತ್ತು ಹಾಗೆ ಊಹಿಸಿದವರಲ್ಲಿ ವೃತ್ತಿಪರ ಸಂಗೀತಗಾರರೂ ಇದ್ದರು. ಧ್ವನಿಯೇ ಮುಖ್ಯ ಎಂದು ಹೇಳುವವರೂ ಕಣ್ಣಿನಿಂದಲೇ ತೀರ್ಮಾನಿಸುತ್ತಾರೆ ಎಂದಾಯಿತು. ಆದ್ದರಿಂದ ಡಿಜೆಯ ಮುಖ ನೋಡಿ ಜನ ಖುಷಿಯಾಗುತ್ತಾರೆ ಎಂಬುದನ್ನು ಮೂಢತನವೆಂದು ತಳ್ಳಿಹಾಕಲು ನನಗೆ ಧೈರ್ಯವಿಲ್ಲ.

ಈ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಗಡಿಯಾಚೆಯ ಗೋವಾದಲ್ಲಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. (ನಮ್ಮ ಬೆಳತನಕದ ಆಟಗಳು ಕಾಲಮಿತಿಯ ಆಟಗಳಾದುದರಲ್ಲಿ ಈ ಹತ್ತು ಗಂಟೆಯ ಪಾಲೂ ಇದೆ. ಈ ವಿಷಯದಲ್ಲಿ ಭಾಗವತನೂ ಡಿಜೆಯೂ ಒಂದೇ ದೋಣಿಯವರು.) ಮಾಜಾಳಿ ದಾಟಿ ಕಾಣಕೋಣದ ಪಾಳೊಳೆಂ ತೀರದವರು ಇದಕ್ಕೆ ಹುಡುಕಿದ ಉಪಾಯ ಹೆಡ್‌ಫೋನ್ ಕುಣಿತ. ಬಂದವರಿಗೆಲ್ಲ ತಂತಿಯಿಲ್ಲದ ಹೆಡ್‌ಫೋನು ಕೊಡುತ್ತಾರೆ. ಒಂದಕ್ಕಿಂತ ಹೆಚ್ಚು ಡಿಜೆಗಳು ಏಕಕಾಲಕ್ಕೆ ನುಡಿಸುತ್ತಾರೆ, ಕುಣಿಯುವವನು ಗುಂಡಿಯೊತ್ತಿ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತಾನೆ, ಆರಿಸಿದಂತೆ ಅವನ ಕಿವಿಯ ಮೇಲಿನ ದೀಪದ ಬಣ್ಣ ಬದಲಾಗುತ್ತದೆ. ಹೆಡ್‌ಫೋನು ತೆಗೆದು ನಿಂತರೆ ಅಲೆಯ ಸದ್ದು, ಮರಳಿನ ಮೇಲೆ ನೂರಾರು ಕಾಲು ಉಜ್ಜುವ ಸದ್ದು ಮಾತ್ರ.

ನಾನು ಹೋದ ರಾತ್ರಿ ಇಬ್ಬರು ಡಿಜೆಗಳನ್ನು ಗಮನಿಸುತ್ತ ಒಂದು ಪಕ್ಕದಲ್ಲಿ ನಿಂತಿದ್ದೆ. ಒಬ್ಬ ಎಡೆಬಿಡದೆ ಕುಣಿಯುತ್ತಿದ್ದ, ನಗುತ್ತಿದ್ದ, ಕೈಬೀಸಿ ಕರೆಯುತ್ತಿದ್ದ. ಅವನನ್ನು ನೋಡಿ ಜನ ಅವನ ಬಣ್ಣಕ್ಕೆ ತಿರುಗುತ್ತಿದ್ದರು, ನಿಜ, ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಚದುರುತ್ತಿದ್ದರು. ಇನ್ನೊಬ್ಬಳು ಹುಡುಗಿ. ಅವಳ ಕುಣಿತ ಭುಜದ ತನಕ ಮಾತ್ರ, ಹೆಚ್ಚೆಂದರೆ ಒಂದು ಕಾಲು. ಆದರೆ ಅವಳ ತಲೆ ಕ್ಷಣಕ್ಷಣಕ್ಕೂ ಮೇಲೇಳುತ್ತಿತ್ತು. ತನ್ನ ಬಣ್ಣ ಒಂದು ಮೂಲೆಯಲ್ಲಿ ಕರಗುತ್ತಿದ್ದುದನ್ನು ಕಂಡರೆ ಹಾಡನ್ನು ಬದಲಿಸುತ್ತಿದ್ದಳು. ಬಣ್ಣ ಗಟ್ಟಿಯಾಗಿದ್ದರೆ ಅದನ್ನೇ ಎಳೆಯುತ್ತಿದ್ದಳು. ಎರಡು ಗುಂಪುಗಳು ಒಟ್ಟಿಗೆ ಅವಳ ಬಣ್ಣಕ್ಕೆ ಬಂದಾಗ ಅವಳ ಮುಖದಲ್ಲಿ ಮೂಡಿದ ನಗು ಯಾರಿಗೆ ತೋರಿಸಲೆಂದೂ ಮೂಡಿದ್ದಲ್ಲ, ಆದರೂ ಎಲ್ಲರಿಗೂ ಕಂಡಿತು. ಅಜ್ಜನ ಪ್ರಶ್ನೆಗೆ ನಾನು ಉತ್ತರ ಕೊಡಬಹುದಾಗಿದ್ದರೆ ಆ ರಾತ್ರಿಯೇ ಕೊಡುತ್ತಿದ್ದೆ.

ಹಾಗಾಗಿ ನನ್ನ ಅಭಿಪ್ರಾಯವನ್ನು ಸುತ್ತುಬಳಸದೆ ಹೇಳುತ್ತೇನೆ. ಕುಣಿಯುವುದು ಡಿಜೆಯ ಕರ್ತವ್ಯವಲ್ಲ. ನೋಡುವುದು ಕರ್ತವ್ಯ. ಕುಣಿಯದ ಡಿಜೆಯ ಮೇಲೆ ನನಗೆ ತಕರಾರಿಲ್ಲ, ಒಂದು ಗಂಟೆಯಲ್ಲಿ ಒಮ್ಮೆಯೂ ತಲೆ ಎತ್ತದ ಡಿಜೆಯ ಮೇಲಿದೆ. ಖುಷಿ ತೋರಿಸದವನ ಮೇಲೆಯೂ ಇಲ್ಲ, ಎದುರಿನವರ ಖುಷಿ ಮುಖಕ್ಕೆ ತಾಗದವನ ಮೇಲಿದೆ. ದುಡ್ಡು ಕೊಟ್ಟು ಕರೆಸಿದವನು ನಗುತ್ತ ಕುಣಿಯಲೇಬೇಕು ಎಂದು ಮದುವೆ ಮನೆಯವರು ಕೇಳುವುದುಂಟು. ಅವರಿಗೆ ಬೇಕಾದದ್ದು ಡಿಜೆಯಲ್ಲ, ನಿರೂಪಕ. ಇಬ್ಬರನ್ನೂ ಕರೆಸಿಕೊಳ್ಳಲಿ.

ಆದರೆ ಮೈಯನ್ನು ಬಲವಂತವಾಗಿ ಕಟ್ಟಿಹಾಕುವುದನ್ನೂ ನಾನು ಒಪ್ಪುವುದಿಲ್ಲ, ಅದಕ್ಕೆ ಕಸುಬಿನದೇ ಕಾರಣವಿದೆ. 128ರ ಲಯದಲ್ಲಿ 32 ಪೆಟ್ಟಿಗೆ ಸರಿಯಾಗಿ 15 ಸೆಕೆಂಡು. ಹಾಡುಗಳು ಬದಲಾಗುವುದು ಸಾಮಾನ್ಯವಾಗಿ ಇಂಥ ತಿರುವುಗಳಲ್ಲೇ. ಇದನ್ನು ಬಾಯಲ್ಲಿ ಎಣಿಸುತ್ತ ಹೋದರೆ ಬೇರೇನೂ ಯೋಚಿಸಲಾಗದು, ಮೊಣಕಾಲು ಎಣಿಸಿದರೆ ತಲೆ ಖಾಲಿಯಿರುತ್ತದೆ. ಮೇಲಾಗಿ ದೊಡ್ಡ ಬಾಕ್ಸುಗಳು 20 ಮೀಟರು ದೂರವಿದ್ದರೆ ಅವುಗಳ ಸದ್ದು ಡಿಜೆಗೆ ಬರುವಾಗ ಪೆಟ್ಟಿನ ಎಂಟನೇ ಒಂದು ಭಾಗದಷ್ಟು ತಡವಾಗಿರುತ್ತದೆ. ಹತ್ತಿರದಲ್ಲೊಂದು ಮಾನಿಟರ್ ಬಾಕ್ಸು ಬೇಕು, ಅದರ ಲಯ ಮೈಯಲ್ಲಿ ನಿಂತಿರಬೇಕು. ಹಾಲಕ್ಕಿಗಳ ಗುಮಟೆ ನುಡಿಸುವವರನ್ನು ನೋಡಿ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ದಪ್ಪ ಮಾಡುತ್ತಾರೆ, ತೆಳು ಮಾಡುತ್ತಾರೆ. ಡಿಜೆ ಫಿಲ್ಟರ್ ತಿರುಪಿ ಮಾಡುವುದೂ ಇದನ್ನೇ. ಗುಮಟೆಯವರ ಭುಜ, ಕತ್ತು ಆ ಅಂಗೈಯ ಜೊತೆಗೇ ತೂಗುತ್ತವೆ. ಅದನ್ನು ಯಾರೂ ಕುಣಿತವೆಂದು ಕರೆಯುವುದಿಲ್ಲ, ಪ್ರದರ್ಶನವೆಂದು ದೂರುವುದೂ ಇಲ್ಲ.

ಸಭೆಯ ಕೊನೆಯಲ್ಲಿ ಈ ಕಸುಬಿಗೆ ಈಗಷ್ಟೇ ಇಳಿದ ಹುಡುಗನೊಬ್ಬ, ಹಾಗಾದರೆ ನಾಳೆ ಸಿದ್ದಾಪುರದ ಮದುವೆಯಲ್ಲಿ ನಾನು ಏನು ಮಾಡಲಿ ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಲ್ಯಾಪ್‌ಟಾಪನ್ನು ಮೇಜಿನ ನಡುವೆ ಇಡಬೇಡ, ಪಕ್ಕಕ್ಕೆ ಇಡು. ಮೇಜಿನ ಮುಂದೆ ನಿನ್ನ ಹೆಸರಿನ ಫ್ಲೆಕ್ಸನ್ನು ಎದೆಮಟ್ಟ ಕಟ್ಟಬೇಡ, ಅದರ ಹಿಂದೆ ನಿಂತರೆ ಯಾರ ಕಾಲೂ ಕಾಣುವುದಿಲ್ಲ. ಲೈಟಿಂಗಿನವರಿಗೆ ಹೇಳಿ ನಿನ್ನ ಮುಖಕ್ಕೆ ಹೊಡೆಯುವ ದೀಪವನ್ನು ಅಂಗಳದ ಕಡೆಗೆ ತಿರುಗಿಸಿಕೊ. ಮುಂದಿನ ಹಾಡು ಸಿದ್ಧವಾಗಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಕೈ ಎತ್ತಬೇಕೆನಿಸಿದರೆ ಎತ್ತು, ಒಂದನ್ನು. ಇನ್ನೊಂದು ಮಿಕ್ಸರಿನ ಮೇಲಿರಲಿ.